ಒತ್ತಿಲ್ಲದ ಹಪ್ಪಳ

ಚಿಕ್ಕಮ್ಮನ ಹಲಸಿನ ಹಪ್ಪಳಕ್ಕೆ ಆನ್‌ಲೈನ್ ಅಂಗಡಿ ತೆರೆಯುವ ಮಾತು ಬಂದದ್ದು ಮೇ ತಿಂಗಳ ಒಂದು ಭಾನುವಾರ, ಕಟಪಾಡಿಯ ಅವರ ಮನೆಯಂಗಳದಲ್ಲಿ. ನಾನು ಚಾಪೆಯ ಪಕ್ಕ ಕೂತು ಕಾಗೆ ಓಡಿಸುತ್ತಿದ್ದೆ. ನನಗೆ 42 ವರ್ಷ. ಉಡುಪಿಯ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಆದರೂ ಚಿಕ್ಕಮ್ಮನ ಮನೆಗೆ ಹೋದರೆ ನಾನು ಮಾಣಿಯೇ. ಮಾಣಿಯ ಕೆಲಸ ಕಾಗೆ ಓಡಿಸುವುದು.

"ಮುಂಬೈಯಿಂದ, ಬೆಂಗಳೂರಿಂದ ಎಲ್ಲ ಹಪ್ಪಳ ಕೇಳ್ತಾರೆ ಮಾಣಿ. ಫೋನಿನಲ್ಲಿ ಲೆಕ್ಕ ಬರೆದುಕೊಂಡು ನನಗೆ ಸಾಕಾಯ್ತು" ಅಂದರು ಚಿಕ್ಕಮ್ಮ.

"ವೆಬ್‌ಸೈಟ್ ಮಾಡಿದರಾಯ್ತು. ಎರಡು ದಿನದ ಕೆಲಸ" ಅಂದೆ.

ಆ ದಿನ ಬಿಸಿಲು ಜೋರಿತ್ತು. ತಲೆಗೆ ಹತ್ತಿರಬೇಕು.

ಕಂಪ್ಯೂಟರ್ ಗೊತ್ತಿಲ್ಲದವನೇನೂ ಅಲ್ಲ ನಾನು. ಯೂಟ್ಯೂಬಿನಲ್ಲಿ ನಾಲ್ಕು ವಿಡಿಯೊ ನೋಡಿದೆ. ಮೊದಲು ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಹಾಕಬೇಕು, ಅದರ ಮೇಲೆ ಅಂಗಡಿ ನಡೆಸುವ ವೂಕಾಮರ್ಸ್ ಹಾಕಬೇಕು. ಎರಡೂ ಪುಕ್ಕಟೆ. ವರ್ಡ್‌ಪ್ರೆಸ್ 2003ರಿಂದ ಇದೆ, ವೂಕಾಮರ್ಸ್ 2011ರಿಂದ. ಇಷ್ಟು ವರ್ಷ ಹಾಳಾಗದ್ದು ನನ್ನ ಕೈಯಲ್ಲಿ ಹಾಳಾಗಲಿಕ್ಕಿಲ್ಲ ಅಂತ ಧೈರ್ಯ. ರೇಟು, ಸ್ಟಾಕು, ಆರ್ಡರು ಎಲ್ಲ ವೂಕಾಮರ್ಸ್ ನೋಡಿಕೊಳ್ಳುತ್ತದೆ. ಉಳಿದದ್ದು ಅಂಗಡಿಯ ಚಂದ. ಬೋರ್ಡು ಎಲ್ಲಿ, ಕಪಾಟು ಎಲ್ಲಿ, ಗೋಡೆಗೆ ಯಾವ ಬಣ್ಣ. ಅದಕ್ಕೆ ಥೀಮ್ ಅನ್ನುತ್ತಾರೆ.

ಥೀಮುಗಳು ಪುಕ್ಕಟೆಯಾಗಿಯೂ ಸಾವಿರಗಟ್ಟಲೆ ಸಿಗುತ್ತವೆ. ನಾನು 59 ಡಾಲರ್ ಕೊಟ್ಟು ಒಂದು ತೆಗೆದುಕೊಂಡೆ. ಅದರ ಮಾದರಿ ಪುಟದಲ್ಲಿ ಒಂದು ಬಿಳಿ ಮೇಜು, ಮೇಜಿನ ಮೇಲೆ ಒಂದೇ ಒಂದು ಕಪ್ಪು ಬಣ್ಣದ ಲೋಟ, ಹಿಂದಿನ ಗೋಡೆಯಲ್ಲಿ ಎಳೆಬಿಸಿಲು. ಆ ಲೋಟದ ಜಾಗದಲ್ಲಿ ಹಪ್ಪಳದ ಕಟ್ಟು ಇಟ್ಟರೆ ಹೇಗಿರಬಹುದು ಅಂತ ಕಣ್ಣು ಮುಚ್ಚಿ ನೋಡಿದೆ. ಚಂದ ಕಂಡಿತು. ಕಣ್ಣು ಮುಚ್ಚಿದರೆ ಎಲ್ಲ ಥೀಮೂ ಚಂದವೇ.

ಡೌನ್‌ಲೋಡ್ ಮಾಡಿದ ಜಿಪ್ ಫೈಲನ್ನು ಹಾಗೇ ಅಪ್‌ಲೋಡ್ ಮಾಡಿದೆ. ಥೀಮಿನಲ್ಲಿ ಸ್ಟೈಲ್ ಫೈಲೇ ಇಲ್ಲ ಅಂತ ಉತ್ತರ ಬಂತು. 59 ಡಾಲರ್! ಮಾರಿದವರಿಗೆ ಖಾರವಾಗಿ ಒಂದು ಪತ್ರ ಬರೆದೆ. ಕಳಿಸಿ, ನೀರು ಕುಡಿದು, ಆಮೇಲೆ ಜಿಪ್ ಬಿಚ್ಚಿ ನೋಡಿದೆ. ಒಳಗೆ ಇನ್ನೊಂದು ಜಿಪ್ ಇತ್ತು. ಹಾಕಬೇಕಾದದ್ದು ಅದನ್ನು. ಹೊರಗಿನದ್ದು ಥೀಮಿನ ಜೊತೆ ಲೈಸೆನ್ಸು, ಓದುವ ಪುಸ್ತಕ ಎಲ್ಲ ಸೇರಿಸಿ ಕಟ್ಟಿದ ಮೂಟೆ. ಹಲಸಿನ ಹಣ್ಣನ್ನು ಕೊಯ್ಯದೆ ಬಾಯಿಗಿಟ್ಟು, ಮುಳ್ಳು ಚುಚ್ಚಿತು ಅಂತ ಮರದ ಯಜಮಾನರಿಗೆ ಬೈದ ಹಾಗಾಯಿತು. ಅವರು ಪಾಪ, ಮರುದಿನ ತುಂಬ ಮರ್ಯಾದೆಯಿಂದ ಉತ್ತರ ಕೊಟ್ಟಿದ್ದರು. ಅದನ್ನು ನಾನು ಪೂರ್ತಿ ಓದಲಿಲ್ಲ.

ಥೀಮ್ ಕೂತಿತು. ಆದರೆ ಬಿಳಿ ಮೇಜೂ ಇಲ್ಲ, ಬಿಸಿಲೂ ಇಲ್ಲ, ಬೋಳು ಪುಟ. ವಿಡಿಯೊದವನು ಹೇಳಿದ, ಡೆಮೊ ಇಂಪೋರ್ಟ್ ಮಾಡಿ, ಒಂದೇ ಬಟನ್ ಅಂತ. ಒತ್ತಿದೆ. ಹತ್ತು ನಿಮಿಷದಲ್ಲಿ ಅಂಗಡಿ ತುಂಬಿಹೋಯಿತು. ಶೂ, ವಾಚು, ಲೆದರ್ ಬ್ಯಾಗು, ಮೇಣದ ಬತ್ತಿ. ಮುಖಪುಟದಲ್ಲಿ ಉದ್ದ ಕೋಟು ಹಾಕಿದ ಒಬ್ಬ ಬಿಳಿ ಹೆಂಗಸು. ಅವಳ ಕೆಳಗೆ, ಈ ಆಫರ್ ಮುಗಿಯಲು ಇನ್ನು 2 ದಿನ 14 ಗಂಟೆ ಅಂತ ಓಡುವ ಗಡಿಯಾರ. ನಮ್ಮ ವಿಳಾಸ ಇರಬೇಕಾದ ಪುಟದ ಮ್ಯಾಪಿನಲ್ಲಿ ಮೆಲ್ಬರ್ನ್.

ಚಿಕ್ಕಮ್ಮ ಫೋನು ದೂರ ಹಿಡಿದು ನೋಡಿದರು. "ಯಾರು ಇವಳು? ಮಳೆಗಾಲಕ್ಕೆ ತಯಾರಾದ ಹಾಗೆ ಉಂಟಲ್ಲ?"

"ಅದು ಸುಮ್ನೆ ಮಾದರಿಗೆ ಚಿಕ್ಕಮ್ಮ. ತೆಗೀತೇನೆ."

"ಹಪ್ಪಳ ಎಲ್ಲಿ?"

"ಬರ್ತದೆ."

ತೆಗೆಯುವುದು ಒಂದೇ ಬಟನ್ ಅಲ್ಲ ಅಂತ ವಿಡಿಯೊದವನು ಹೇಳಿರಲಿಲ್ಲ. ಮೂರು ಸಂಜೆ ಕೂತು ಶೂ, ವಾಚು ಎಲ್ಲ ಒಂದೊಂದೇ ಹೊರಗೆ ಹಾಕಿದೆ. ಗಡಿಯಾರವನ್ನು ಎಲ್ಲಿಂದ ನಿಲ್ಲಿಸುವುದು ಅಂತ ಹುಡುಕುವುದರೊಳಗೆ ಆ ಆಫರೇ ಮುಗಿದಿತ್ತು. ಪುಟ ಮತ್ತೆ ತೆರೆದರೆ ಅದು ಪುನಃ 2 ದಿನದಿಂದ ಶುರು. ಊರಿನ ಬಟ್ಟೆ ಅಂಗಡಿಗಳ ಕೊನೆಯ ಮೂರು ದಿನದ ಸೇಲ್ ಹೇಗೆ ವರ್ಷವಿಡೀ ನಡೆಯುತ್ತದೆ ಅಂತ ನನಗೆ ಆಗ ಗೊತ್ತಾಯಿತು.

ಒಂದು ಲೆದರ್ ಬ್ಯಾಗು ಮಾತ್ರ ನನ್ನ ಕಣ್ಣು ತಪ್ಪಿಸಿ ಒಳಗೇ ಉಳಿದಿತ್ತು. ಇನ್ನೊಂದು ವಿಷಯವನ್ನೂ ನಾನು ನೋಡಿರಲಿಲ್ಲ. ಡೆಮೊದ ಜೊತೆ ಅದರ ಕರೆನ್ಸಿಯೂ ಬಂದಿತ್ತು. ಎರಡನ್ನೂ ಕಂಡುಹಿಡಿದವಳು ಮುಂಬೈಯಲ್ಲಿರುವ ಚಿಕ್ಕಮ್ಮನ ಮಗಳು. "ಅಣ್ಣ, 25 ಹಪ್ಪಳದ ಕಟ್ಟಿಗೆ 150 ಡಾಲರಾ? ಅದರ ಪಕ್ಕ ಬ್ಯಾಗು 89ಕ್ಕೆ ಉಂಟು. ಅದನ್ನೇ ಕಳಿಸು. ಎಣ್ಣೆ ಖರ್ಚೂ ಇಲ್ಲ."

ಇದೆಲ್ಲ ಸಣ್ಣದು. ನನ್ನ ಮಾನ ಹೋದದ್ದು ಬೋರ್ಡಿನಲ್ಲಿ.

ಅಂಗಡಿಗೆ ಹೆಸರು ಬೇಕಲ್ವಾ? ಚಿಕ್ಕಮ್ಮನ ಹಪ್ಪಳ ಅಂತಲೇ ಇಟ್ಟೆವು. ಮುಖಪುಟದಲ್ಲಿ ಕೋಟಿನ ಹೆಂಗಸಿದ್ದಲ್ಲಿ ಹಪ್ಪಳದ ಫೋಟೊ, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು. ರಾತ್ರಿ 11 ಗಂಟೆಗೆ ಮುಗಿಸಿ, ದೂರ ಕೂತು ನೋಡಿ, ಲಿಂಕ್ ಕಳಿಸಿ ಮಲಗಿದೆ. ಚಿಕ್ಕಮ್ಮ ಬೆಳಗ್ಗೆ ಎದ್ದವರೇ ಅದನ್ನು ಪಕ್ಕದ ಮನೆಯ ಮಾಷ್ಟ್ರಿಗೆ ತೋರಿಸಿದ್ದಾರೆ. ಮಾಷ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ರಿಟೈರ್ ಆದವರು. ರಿಟೈರ್ ಆದದ್ದು ಶಾಲೆಯಿಂದ ಮಾತ್ರ. ಈಗಲೂ ಮದುವೆ ಕಾಗದ ಕೊಟ್ಟರೆ ಕೆಂಪು ಪೆನ್ನು ಹುಡುಕುತ್ತಾರೆ.

ಆರೂವರೆಗೆ ನನ್ನ ಫೋನು ಹೊಡೆದುಕೊಂಡಿತು.

"ಎಂತ ಮಾರಾಯ, ಈ ಚಿಕಮ ಅಂದರೆ ಯಾರು?"

"ಯಾರು ಮಾಷ್ಟ್ರೇ?"

"ಚಿಕಮನ ಹಪಳ ಅಂತ ಹಾಕಿದ್ದೀಯಲ್ಲ. ಚೀನಾದಿಂದ ಬಂದವನಾ?"

ಎದ್ದು ನೋಡಿದೆ. ಹೌದು. ಚಿಕಮನ ಹಪಳ. ರಾತ್ರಿ ನನ್ನ ಕಣ್ಣು ಓದಿದ್ದು ನಾನು ಬರೆದದ್ದನ್ನು, ಅಲ್ಲಿ ಕಾಣುವುದನ್ನಲ್ಲ. ಕೆಳಗೆ ಹೋದರೆ ಮಾವಿನ ಮಿಡಿ ಉಪಿನಕಾಯಿ, ಅಕಿ ಸಂಡಿಗೆ, ಬೆಲ. ಇಡೀ ಅಂಗಡಿಯಲ್ಲಿ ಮೈಮುರಿಯದೆ ಉಳಿದದ್ದು ಸಾರಿನ ಪುಡಿ ಒಂದೇ. ಅದಕ್ಕೆ ಒತ್ತಕ್ಷರವೇ ಇಲ್ಲ, ಹಾಗಾಗಿ ಬದುಕಿತು.

ಒತ್ತು ಹಾಕದೆ ಬಿಟ್ಟವನು ನಾನಲ್ಲ. ಥೀಮ್ ಕತ್ತರಿಸಿತ್ತು. ದೊಡ್ಡ ತಲೆಬರಹಗಳಿಗೆ ಅದರಲ್ಲಿ ಸಾಲಿನ ಎತ್ತರ 1 ಅಂತ ಇತ್ತು. ಅಂದರೆ ಅಕ್ಷರದ ಸೈಜು ಎಷ್ಟೋ ಸಾಲಿಗೆ ಜಾಗವೂ ಅಷ್ಟೇ. ಅದರಾಚೆ ಹೋದದ್ದನ್ನು ಮುಚ್ಚಿಬಿಡು ಅಂತ ಇನ್ನೊಂದು ಆಜ್ಞೆ. ಇಂಗ್ಲಿಷಿಗೆ ಇದರಿಂದ ತೊಂದರೆ ಇಲ್ಲ. ಅಲ್ಲಿ ಅಕ್ಷರಗಳು ಗೆರೆಯ ಮೇಲೆ ಶಿಸ್ತಾಗಿ ನಿಲ್ಲುತ್ತವೆ. ಸಣ್ಣ ಅಕ್ಷರದ ಜಿ, ಪಿ, ವೈಗಳಿಗೆ ಒಂದು ಗಿಡ್ಡ ಬಾಲ, ಅಷ್ಟೇ. ನಮ್ಮ ಅಕ್ಷರಕ್ಕೆ ಕೆಳಗೊಂದು ಮಾಳಿಗೆ ಉಂಟು, ಅದರಲ್ಲಿ ಒಕ್ಕಲು ಉಂಟು. ಥೀಮ್ ಬರೆದವನಿಗೆ ಅದು ಗೊತ್ತಿಲ್ಲ. ನೆಲ ಸಾರಿಸುವಾಗ ಒಕ್ಕಲನ್ನೂ ಸೇರಿಸಿ ಗುಡಿಸಿಬಿಟ್ಟಿದ್ದಾನೆ.

ಇದನ್ನು ಚಿಕ್ಕಮ್ಮನಿಗೆ ವಿವರಿಸಲು ಹೋದಾಗ ಅವರು ಅಡುಗೆಮನೆಯ ನೆಲದಲ್ಲಿ ಕೂತಿದ್ದರು. ಬೇಯಿಸಿ ರುಬ್ಬಿದ ಸೊಳೆಯ ಹಿಟ್ಟು, ಒಳಗೆ ಮೆಣಸು, ಕೊತ್ತಂಬರಿ, ಉಪ್ಪು. ನಿಂಬೆ ಗಾತ್ರದ ಉಂಡೆ. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು, ಮೇಲೊಂದು ಮಣೆ ಇಟ್ಟು, ಎರಡು ಕೈಯೂರಿ ಮೈಭಾರ ಬಿಟ್ಟು ಒಂದು ಒತ್ತು. ಮಣೆ ತೆಗೆದರೆ ಬಳೆ ಇಟ್ಟು ಗೆರೆ ಎಳೆದಷ್ಟು ದುಂಡಗೆ ಹಪ್ಪಳ. ವಾರೆಕೋರೆ ಆದದ್ದನ್ನು ಅವರು ಮಾರುವುದಿಲ್ಲ. ಅದು ಕಾಗೆ ಓಡಿಸುವವನಿಗೆ.

"ಎಲ್ಲ ಸರಿ ಉಂಟು ಚಿಕ್ಕಮ್ಮ, ಒತ್ತು ಮಾತ್ರ ಬಿಟ್ಟುಹೋಗಿದೆ" ಅಂದೆ.

ಅವರು ಮಣೆಯಿಂದ ಕೈ ತೆಗೆಯದೆ ನನ್ನನ್ನು ನೋಡಿದರು. "ಒತ್ತದೆ ಹಪ್ಪಳ ಆಗ್ತದಾ ಮಾಣಿ?"

ಸಾಲಿನ ಎತ್ತರವನ್ನು 1.5 ಮಾಡಿದೆ. ಒತ್ತುಗಳೆಲ್ಲ ವಾಪಸ್ ಬಂದವು. ಹಾಗೇ ಕಪ್ಪು ಬಟನ್‌ಗಳನ್ನು ಅರಸಿನ ಬಣ್ಣ ಮಾಡಿದೆ, ಕಪ್ಪು ಶುಭ ಅಲ್ಲ ಅಂತ ಚಿಕ್ಕಮ್ಮನ ತಕರಾರಿತ್ತು. ಅವರ ಫೋನಿನಲ್ಲಿ ಮಾತ್ರ ಎಲ್ಲ ಕಪ್ಪಾಗಿಯೇ ಕಾಣುತ್ತಿತ್ತು. "ಕ್ಯಾಶ್ ಕ್ಲಿಯರ್ ಮಾಡಬೇಕು" ಅಂದೆ. "ಕ್ಯಾಶ್ ಇನ್ನೂ ಬರಲೇ ಇಲ್ಲ, ಕ್ಲಿಯರ್ ಮಾಡುವುದು ಎಂತದನ್ನು?" ಅಂದರು. ಹಳೆಯ ಪುಟದ ನಕಲನ್ನು ಫೋನು ಒಳಗೆ ಇಟ್ಟುಕೊಂಡಿರುತ್ತದೆ, ಅದಕ್ಕೂ ಕ್ಯಾಶ್ ಅನ್ನುತ್ತಾರೆ ಅಂತ ಹೇಳಿದೆ. ನಂಬಲಿಲ್ಲ. ನಾನು ದುಡ್ಡು ಕೇಳುತ್ತಿದ್ದೇನೆ ಅಂತಲೇ ಅವರಿಗೆ ಕೊನೆವರೆಗೂ ಅನುಮಾನ.

ಎರಡು ವಾರದ ಮೇಲೆ ಥೀಮಿಗೆ ಅಪ್‌ಡೇಟ್ ಬಂತು. ಒತ್ತಿದೆ. ಚಿಕಮ ವಾಪಸ್ ಬಂದ.

ನಾನು ಬದಲಾವಣೆ ಎಲ್ಲ ಮಾಡಿದ್ದು ಥೀಮಿನ ಸ್ವಂತ ಫೈಲಿನೊಳಗೆ. ಅಪ್‌ಡೇಟ್ ಬಂದಾಗ ಆ ಫೈಲುಗಳನ್ನೇ ಎತ್ತಿ ಹೊಸದನ್ನು ಇಡುತ್ತಾರೆ. ಇದಕ್ಕೆಂದೇ ಚೈಲ್ಡ್ ಥೀಮ್ ಅಂತ ಒಂದು ವ್ಯವಸ್ಥೆ ಉಂಟು. ದೊಡ್ಡ ಥೀಮಿನ ಕೆಳಗೆ ಒಂದು ಮರಿ ಥೀಮ್. ಅಪ್ಪನಲ್ಲಿ ಇದ್ದದ್ದೆಲ್ಲ ಮಗನಿಗೆ ತಾನಾಗಿ ಬರುತ್ತದೆ, ಮಗ ಬೇರೆ ಥರ ಹೇಳಿದ ಕಡೆ ಮಗನ ಮಾತೇ ನಡೆಯುತ್ತದೆ, ಅಪ್ಪನಿಗೆ ಏನಾದರೂ ಮಗನ ಗಂಟು ಸುರಕ್ಷಿತ. ಅಳಿಯಸಂತಾನದ ಊರು ನಮ್ಮದು. ಇಲ್ಲಿ ಆಸ್ತಿ ಸೋದರಮಾವನಿಂದ ಸೋದರಳಿಯನಿಗೆ ಹೋಗುತ್ತಿದ್ದದ್ದು. ನನಗೆ ಇದು ತಡವಾಗಿ ತಲೆಗೆ ಹೋದದ್ದಕ್ಕೆ ಅದನ್ನೇ ಕಾರಣ ಮಾಡಿಕೊಂಡಿದ್ದೇನೆ. ಮರಿ ಥೀಮಿನಲ್ಲಿ ಅಪ್ಪನ ಫೋಲ್ಡರಿನ ಹೆಸರು ಬರೆಯುವಾಗ ಒಂದು ಅಕ್ಷರ ತಪ್ಪಿತು. ಅಪ್ಪ ಕಾಣೆಯಾಗಿದ್ದಾನೆ ಅಂತ ಬಂತು. ಇರಲಿ, ಅದನ್ನು ಸರಿ ಮಾಡಿದೆ.

ಆಮೇಲೆ ಜೂನ್ ಬಂತು. ಚಾಪೆಗಳು ಅಟ್ಟ ಸೇರಿದವು, ಹಪ್ಪಳ ಡಬ್ಬ ಸೇರಿತು. ಮೊದಲ ಮಳೆಯ ಸಂಜೆ, ಗುಡುಗು ಸಿಡಿಲು ಜೋರಾಗಿ, ಕರೆಂಟು ಬಂದು ಹೋಗಿ ಮಾಡುತ್ತಿತ್ತು. ನಾನು ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಕೂತು, 'ಆ್ಯಡ್ ಟು ಕಾರ್ಟ್' ಅನ್ನುವ ಬಟನ್ನನ್ನು 'ಚೀಲಕ್ಕೆ ಹಾಕಿ' ಅಂತ ಬದಲಿಸಲು ಎಲ್ಲಿಂದಲೋ ನಾಲ್ಕು ಸಾಲು ಕೋಡು ತಂದು ಫಂಕ್ಷನ್ಸ್ ಫೈಲಿಗೆ ಅಂಟಿಸಿದೆ. ಸೇವ್ ಮಾಡಿದೆ. ಅದೇ ಕ್ಷಣಕ್ಕೆ ಒಂದು ಸಿಡಿಲು ಬಡಿಯಿತು. ಅಂಗಡಿ ಮಾಯ. ಬಿಳಿ ಪುಟ, ನಡುವೆ ಗಂಭೀರ ದೋಷವಾಗಿದೆ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು.

ಅಷ್ಟರಲ್ಲಿ ಚಿಕ್ಕಮ್ಮನ ಫೋನು. "ಮಾಣಿ, ಅಂಗಡಿ ಕಾಣುವುದಿಲ್ಲ."

"ಸಿಡಿಲು ಚಿಕ್ಕಮ್ಮ" ಅಂದೆ. ಸುಳ್ಳು ಅಂತ ಗೊತ್ತಿದ್ದೇ ಅಂದೆ.

"ಅಯ್ಯೋ. ಹೋದ ವರ್ಷ ನಮ್ಮ ಟಿವಿಯೂ ಹೀಗೇ ಹೋದದ್ದು. ಪ್ಲಗ್ ತೆಗೆದಿಡಬೇಕಿತ್ತಲ್ಲ ನೀನು!"

ಕೋಡಿನ ಮೂರನೇ ಸಾಲಿನ ಕೊನೆಗೆ ಒಂದು ಅರ್ಧವಿರಾಮ ಬಿಟ್ಟುಹೋಗಿತ್ತು. ಒಂದು ಚುಕ್ಕೆ, ಅದಕ್ಕೊಂದು ಬಾಲ. ಅದನ್ನು ಹುಡುಕಲು ರಾತ್ರಿ ಒಂದು ಗಂಟೆಯಾಯಿತು. ಮರುದಿನ ಅಂಗಡಿ ತೆರೆದದ್ದು ನೋಡಿ ಚಿಕ್ಕಮ್ಮ ಎಲ್ಲರ ಹತ್ತಿರ ಹೇಳಿದರು, ಸಿಡಿಲು ಬಡಿದದ್ದನ್ನು ನಮ್ಮ ಮಾಣಿ ಒಂದೇ ರಾತ್ರಿಯಲ್ಲಿ ರಿಪೇರಿ ಮಾಡಿದ ಅಂತ. ಈ ಹೊಗಳಿಕೆಯನ್ನು ನಾನು ಇವತ್ತಿಗೂ ವಾಪಸ್ ಕೊಟ್ಟಿಲ್ಲ.

ಕೊನೆಗೆ ಡಾಲರ್ ಹೋಗಿ ರೂಪಾಯಿ ಬಂತು. ಮೆಲ್ಬರ್ನ್ ಹೋಗಿ ಕಟಪಾಡಿ ಬಂತು. ಆಹಾರ ಲೈಸೆನ್ಸಿನ 14 ಅಂಕಿಯ ನಂಬರು ಪುಟದ ಬುಡದಲ್ಲಿ ಕೂತಿತು. ಲೆದರ್ ಬ್ಯಾಗನ್ನೂ ಅಳಿಸಿದೆ, ತಂಗಿಗೆ ಬೇಜಾರಾಯಿತು. ಎರಡು ದಿನದ ಕೆಲಸ ಆರು ವಾರಕ್ಕೆ ಮುಗಿಯಿತು.

ಮೊದಲ ಆರ್ಡರ್ ಬಂದದ್ದು ಒಂದು ಮಂಗಳವಾರ. 25ರ ಕಟ್ಟು ಒಂದು, 150 ರೂಪಾಯಿ, ಅಂಚೆ ಖರ್ಚು 60, ತಲುಪಲು 3ರಿಂದ 5 ದಿನ. ಹೆಸರು ನೋಡಿದರೆ ಪಕ್ಕದ ಮನೆಯ ಮಾಷ್ಟ್ರು. ಚಿಕ್ಕಮ್ಮನಿಗೆ ಫೋನು ಮಾಡಿದೆ. ಅವರು ಕೊಡೆ ಹಿಡಿದು ಹೋಗಿ, ಕಟ್ಟನ್ನು ಕಂಪೌಂಡಿನ ಮೇಲಿಂದಲೇ ದಾಟಿಸಿದರು. ಅಂಚೆಯ 60 ರೂಪಾಯಿ ವಾಪಸ್ ಕೊಡಲು ಹೋದರೆ ಮಾಷ್ಟ್ರು ತೆಗೆದುಕೊಳ್ಳಲಿಲ್ಲ, ಕಂಪ್ಯೂಟರ್ ಹೇಳಿದ್ದು ಹೇಳಿದ್ದೇ ಅಂದರಂತೆ.

ಸಂಜೆ ನನಗೇ ಫೋನು ಬಂತು.

"ಹಪ್ಪಳ ಲಾಯ್ಕ ಉಂಟು ಮಾರಾಯ. ಈಗ ಒತ್ತು ಎಲ್ಲ ಸರಿ ಉಂಟು ಬೋರ್ಡಿನಲ್ಲಿ. ಒಂದು ಬಿಲ್ಲು ಬಂತು ನನಗೆ ಇಮೇಲಿನಲ್ಲಿ."

"ಹೌದು ಮಾಷ್ಟ್ರೇ, ಅದು ತಾನಾಗಿ ಹೋಗ್ತದೆ" ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಅದರಲ್ಲಿ ಸಾಮಾನಿನ ಹೆಸರು ಬರೆಯುವ ಜಾಗದಲ್ಲಿ ಬರೀ ಚೌಕ ಚೌಕ ಉಂಟು."

ಬಿಲ್ಲು ತೆರೆದು ನೋಡಿದೆ. ಬಿಲ್ಲು ಬರೆಯುವ ಪ್ಲಗಿನ್ನಿನಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ಗೊತ್ತಿಲ್ಲದ ಅಕ್ಷರಕ್ಕೆಲ್ಲ ಒಂದೊಂದು ಖಾಲಿ ಡಬ್ಬಿ ಬರೆದು ಕೂರಿಸಿತ್ತು. ಸಾಲಾಗಿ, ಶಿಸ್ತಾಗಿ.

"ಅಲ್ಲ ಮಾರಾಯ" ಅಂದರು ಮಾಷ್ಟ್ರು, "ನಿನ್ನ ಚಿಕ್ಕಮ್ಮ ದುಂಡಗೆ ಮಾಡುವುದಲ್ವಾ?"