ಸಂಬಳ ಕೇಳಿದ್ರೆ ಮೀನಿನ ಪುಸ್ತಕ

ಹೈಸ್ಕೂಲಲ್ಲಿ ಒಂದು ಮಾರ್ಕಿನ ಪ್ರಶ್ನೆ ಬರ್ತಿತ್ತು, ಜೀವಕೋಶವನ್ನು ಮೊದಲು ನೋಡಿದವರು ಯಾರು ಅಂತ, ರಾಬರ್ಟ್ ಹುಕ್, 1665 ಅಂತ ಗೀಚಿ ಮುಂದಕ್ಕೆ ಹೋಗ್ತಿದ್ವಿ. ಆಮೇಲೆ ಪಿಯುಸಿ ಫಿಸಿಕ್ಸಲ್ಲಿ ಸ್ಪ್ರಿಂಗ್ ಎಳೆಯೋ ಪಾಠದಲ್ಲಿ ಹುಕ್‌ನ ನಿಯಮ ಬಂತು. ನಾನು ಸುಮಾರು ವರ್ಷ ಬಯಾಲಜಿ ಹುಕ್ ಬೇರೆ, ಫಿಸಿಕ್ಸ್ ಹುಕ್ ಬೇರೆ, ಇಬ್ರೂ ದಾಯಾದಿಗಳಿರಬೇಕು ಅಂದ್ಕೊಂಡಿದ್ದೆ. ನಿಜ ಹೇಳ್ತೀನಿ, ಇಬ್ರೂ ಒಬ್ಬರೇ ಅಂತ ಗೊತ್ತಾಗೋ ಹೊತ್ತಿಗೆ ನನ್ನ ತಲೆಕೂದ್ಲು ಬೆಳ್ಳಗಾಗೋಕೆ ಶುರುವಾಗಿತ್ತು.

ಇವರ ಕಥೆ ಓದಿದ್ಮೇಲೆ ಅನ್ಸಿದ್ದು, ಹುಕ್ ಮೇಷ್ಟ್ರದ್ದು ವಿಜ್ಞಾನದ ಕಥೆ ಆಮೇಲೆ, ಮೊದಲು ಸಂಬಳದ ಕಥೆ. (ಮೇಷ್ಟ್ರು ಅಂತ ಸುಮ್ನೆ ಕರೀತಿಲ್ಲ, ಲಂಡನ್ನಿನ ಗ್ರೆಶಮ್ ಕಾಲೇಜಲ್ಲಿ ನಿಜವಾಗ್ಲೂ ಜಾಮಿಟ್ರಿ ಮೇಷ್ಟ್ರಾಗಿದ್ರು.) 1662ರ ನವೆಂಬರಲ್ಲಿ ರಾಯಲ್ ಸೊಸೈಟಿ ಅನ್ನೋ ಲಂಡನ್ನಿನ ವಿಜ್ಞಾನ ಸಂಘದವರು ಇವರನ್ನ ಕೆಲಸಕ್ಕೆ ತಗೊಂಡ್ರು. ಕೆಲಸ ಏನಪ್ಪಾ ಅಂದ್ರೆ ಪ್ರತಿ ಮೀಟಿಂಗಿಗೂ ಮೂರೋ ನಾಲ್ಕೋ ದೊಡ್ಡ ಪ್ರಯೋಗ ರೆಡಿ ಮಾಡ್ಕೊಂಡು ಬಂದು ವಿಗ್ ಹಾಕ್ಕೊಂಡು ಕೂತ ದೊಡ್ಡ ಮನುಷ್ಯರ ಮುಂದೆ ಮಾಡಿ ತೋರಿಸ್ಬೇಕು, ವಾರ ವಾರ. ಸಂಬಳ? ಅದು ಸೊಸೈಟಿ ಹತ್ರ ದುಡ್ಡು ಬಂದಾಗ ನೋಡೋಣ ಅಂದ್ರು. ಇವತ್ತಿನ ಸ್ಟಾರ್ಟಪ್‌ನವರು ಹುಡುಗರಿಗೆ ಎಕ್ಸ್‌ಪೀರಿಯನ್ಸ್ ಸಿಗತ್ತೆ ಬಾ ಅಂತಾರಲ್ಲ, ಆ ಐಡಿಯಾಗೆ ಮುನ್ನೂರೈವತ್ತು ವರ್ಷದ ಮೇಲೆ ವಯಸ್ಸಾಗಿದೆ ಸ್ವಾಮಿ.

ಕೊನೆಗೆ ವರ್ಷಕ್ಕೆ 80 ಪೌಂಡ್ ಅಂತ ಠರಾವಾಯ್ತು. 30 ಸೊಸೈಟಿ ಕೊಡೋದು, ಉಳಿದ 50 ಸರ್ ಜಾನ್ ಕಟ್ಲರ್ ಅನ್ನೋ ಸಾಹುಕಾರರು ಉಪನ್ಯಾಸಕ್ಕೆ ಅಂತ ಕೊಡೋದು. ಕಟ್ಲರ್ ಸಾಹುಕಾರರು ಸ್ಟೇಜ್ ಮೇಲೆ ದೇಣಿಗೆ ಅನೌನ್ಸ್ ಮಾಡಿ, ಶಾಲು ಹೊದಿಸ್ಕೊಂಡು, ಆಮೇಲೆ ಫೋನ್ ಎತ್ತದೇ ಇರೋ ಜಾತಿ. ಸೊಸೈಟಿ ಗೌರವ ಸದಸ್ಯತ್ವ ಕೊಟ್ಟಿದ್ದಾಯ್ತು, ದುಡ್ಡು ಮಾತ್ರ ಸರಿಯಾಗಿ ಬರ್ಲೇ ಇಲ್ಲ. ಹುಕ್ ಮೇಷ್ಟ್ರು ಉಪನ್ಯಾಸನೂ ಮಾಡಿ, ಅದನ್ನ ಪ್ರಿಂಟ್ ಮಾಡಿ, ಮೇಲೆ ಕಟ್ಲರ್ ಹೆಸರನ್ನೇ ಹಾಕಿ, ಕೊನೆಗೆ ಕೋರ್ಟಿಗೂ ಅಲೆದು, ಬಾಕಿ ಗೆದ್ದಿದ್ದು 1696ರಲ್ಲಿ. ಅಷ್ಟೊತ್ತಿಗೆ ಸಾಹುಕಾರರು ಸತ್ತು ಮೂರು ವರ್ಷ ಆಗಿತ್ತು, ಮೇಷ್ಟ್ರಿಗೆ ಅರವತ್ತು ದಾಟಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರಲ್ಲ, ಆ ಲೆಕ್ಕ.

ಈ ಮಧ್ಯೆ ಮೇಷ್ಟ್ರು ಸುಮ್ನೆ ಕೂತಿದ್ರಾ? ಬಾಯ್ಲ್ ಅನ್ನೋ ವಿಜ್ಞಾನಿಗೆ ಗಾಳಿ ಪಂಪ್ ಮಾಡ್ಕೊಟ್ಟಿದ್ದು ಇವರು, ಗಾಳಿಯ ಒತ್ತಡದ ನಿಯಮ ಬಾಯ್ಲ್ ಹೆಸರಲ್ಲಿ (ಬಾಯ್ಲ್ ಪಾಪ ದೊಡ್ಡ ಮನಸ್ಸಿನವರು, ಪುಸ್ತಕದಲ್ಲಿ ಹುಕ್ ಹೆಸರು ಹೇಳಿದ್ದಾರೆ, ಇಲ್ದಿದ್ರೆ ಅದೂ ಹೋಗ್ತಿತ್ತು). ಸೂಕ್ಷ್ಮದರ್ಶಕದಲ್ಲಿ ಚಿಗಟ ನೋಡಿ ಬೆಕ್ಕಿನ ಸೈಜಿಗೆ ಚಿತ್ರ ಬರೆದ್ರು. 1666ರಲ್ಲಿ ಲಂಡನ್ ಸುಟ್ಟು ಬೂದಿಯಾದ್ಮೇಲೆ ಮನೆ ಕಳ್ಕೊಂಡವರ ಸೈಟು ಅಳೆಯೋಕೆ ಬೂದಿ ತುಳ್ಕೊಂಡು ಓಡಾಡಿದವರಲ್ಲಿ ಇವರೂ ಒಬ್ಬರು. ಆ ಬೆಂಕಿಯ ನೆನಪಿಗೆ 202 ಅಡಿ ಎತ್ತರದ ಕಂಬ ಇದ್ಯಲ್ಲ, ಅದನ್ನ ಕ್ರಿಸ್ಟೋಫರ್ ರೆನ್ ಅನ್ನೋ ಆರ್ಕಿಟೆಕ್ಟ್ ಜೊತೆ ಸೇರ್ಕೊಂಡು ಮಾಡಿದ್ದು, ಒಳಗೆ ಪೊಳ್ಳು ಬಿಟ್ಟು ಅದನ್ನೇ ದೂರದರ್ಶಕವಾಗಿ ಬಳಸೋ ಪ್ಲಾನ್ ಬೇರೆ! ಟೂರಿಸ್ಟ್‌ಗಳು ಇವತ್ತು ಅದರ 311 ಮೆಟ್ಲು ಹತ್ತಿ ಇಳಿದು ರೆನ್ ಗ್ರೇಟ್ ಅಂದ್ಕೊಂಡು ಹೋಗ್ತಾರೆ.

ಈಗ ಮೀನಿನ ವಿಷಯಕ್ಕೆ ಬರ್ತೀನಿ. 1686ರಲ್ಲಿ ಸೊಸೈಟಿ ಖರ್ಚು ಹಾಕಿ ವಿಲ್ಲಬಿ ಅನ್ನೋವ್ರ ಮೀನುಗಳ ಚರಿತ್ರೆ ಅಚ್ಚು ಹಾಕ್ಸಿತು, ಭರ್ಜರಿ ಚಿತ್ರ, ದಪ್ಪ ಪುಸ್ತಕ, ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಮಾರಾಟ ಆಗ್ಲಿಲ್ಲ. ಗೋಡೌನ್ ತುಂಬ ಮೀನು, ಖಜಾನೆ ಖಾಲಿ. ಅದೇ ಟೈಮಿಗೆ ನ್ಯೂಟನ್ ಪ್ರಿನ್ಸಿಪಿಯಾ ಬರೆದು ಕಳಿಸಿದ್ರು. ಗುರುತ್ವದ ಪುಸ್ತಕಕ್ಕೆ ದುಡ್ಡಿಲ್ಲ ಕಣ್ರೀ, ಮೀನಿಗೆ ಹೋಯ್ತು ಅಂತ ಕೈ ಎತ್ತಿದ್ರು, ಸೊಸೈಟಿಲಿ ಗುಮಾಸ್ತರಾಗಿದ್ದ ಹ್ಯಾಲಿ (ಧೂಮಕೇತುವಿನ ಹ್ಯಾಲಿನೇ) ಸ್ವಂತ ಜೇಬಿಂದ 1687ರಲ್ಲಿ ಅಚ್ಚು ಹಾಕ್ಸಿದ್ರು. ಸೊಸೈಟಿ ಆ ಹ್ಯಾಲಿಗೆ 50 ಪೌಂಡ್ ಸಂಬಳ ಕೊಡ್ಬೇಕಿತ್ತು, ಏನ್ ಕೊಟ್ರು ಗೊತ್ತಾ, ಮೀನಿನ ಪುಸ್ತಕದ 50 ಪ್ರತಿ!

ನಮ್ಮೂರ ಸೊಸೈಟಿಲಿ ಅಕ್ಕಿ ಬಂದಿಲ್ಲ ಅಂದ್ರೆ ರಾಗಿ ಆದ್ರೂ ತೂಗಿ ಕೊಡ್ತಾರೆ.

ಹುಕ್ ಮೇಷ್ಟ್ರಿಗೂ ಅದೇ ಆಫರ್ ಬಂತು, ನಿಮ್ಮ ಬಾಕಿ ಸಂಬಳಕ್ಕೆ ಮೀನಿನ ಪುಸ್ತಕ ತಗೊಳ್ಳಿ ಅಂತ. ಮೇಷ್ಟ್ರು ಬೈಲಿಲ್ಲ, ಕೂಗಾಡ್ಲಿಲ್ಲ, ಯೋಚನೆ ಮಾಡೋಕೆ ಆರು ತಿಂಗಳು ಟೈಮ್ ಕೊಡಿ ಅಂದ್ರಂತೆ. ಸಂಬಳ ಆಗದೇ ಇರೋ ಎಲ್ಲ ಗೆಸ್ಟ್ ಲೆಕ್ಚರರ್‌ಗಳೂ ಈ ಉತ್ತರವನ್ನ ಫ್ರೇಮ್ ಹಾಕಿ ಸ್ಟಾಫ್ ರೂಮಲ್ಲಿ ನೇತು ಹಾಕ್ಬೇಕು.

ನ್ಯೂಟನ್ ಜೊತೆ ಜಗಳ ಎಲ್ರಿಗೂ ಗೊತ್ತಿರೋದೇ, ಜಾಸ್ತಿ ಎಳೆಯಲ್ಲ. ಗ್ರಹಗಳನ್ನ ಸೂರ್ಯ ಎಳೆಯೋ ಬಲ ದೂರದ ವರ್ಗಕ್ಕೆ ವಿಲೋಮವಾಗಿ ಕಮ್ಮಿ ಆಗತ್ತೆ ಅಂತ ಮೇಷ್ಟ್ರು 1680ರಲ್ಲೇ ನ್ಯೂಟನ್‌ಗೆ ಕಾಗದ ಬರೆದಿದ್ರು, ಆದ್ರೆ ಗಣಿತದಲ್ಲಿ ಸಾಧಿಸಿ ತೋರಿಸೋಕೆ ಇವರ ಕೈಲಿ ಆಗ್ಲಿಲ್ಲ, ಅದು ನ್ಯೂಟನ್ ಕೈಲೇ ಆಗಿದ್ದು, ಅದನ್ನ ಒಪ್ಪಬೇಕು. ನಂಗೂ ಒಂದ್ಸಲ ಥ್ಯಾಂಕ್ಸ್ ಹೇಳಿ ಅಂತ ಮೇಷ್ಟ್ರು ಕೇಳಿದ್ದಕ್ಕೆ ನ್ಯೂಟನ್ ಸಿಟ್ಟಾಗಿ ಪ್ರಿನ್ಸಿಪಿಯಾದ ಮೂರನೇ ಭಾಗನೇ ಅಚ್ಚು ಹಾಕಲ್ಲ ಅಂತ ಕೂತ್ರು. ಮೇಷ್ಟ್ರೂ ಏನು ಸಾಧು ಅಲ್ಲ ಬಿಡಿ, ಯಾರು ಏನು ಕಂಡುಹಿಡಿದ್ರೂ ಅದು ನಂದು, ಆಗ್ಲೇ ಮಾಡಿಟ್ಟಿದ್ದೆ ಅಂತ ವಾಚಿನ ಸ್ಪ್ರಿಂಗಿಗೆ ಹಾಲೆಂಡಿನ ಹೈಗನ್ಸ್ ಜೊತೆನೂ ಕಿತ್ತಾಡಿದವರು.

ಆದ್ರೆ ತಮಾಷೆ ನೋಡಿ. ನಾನು ದೂರ ನೋಡಿದ್ರೆ ಅದು ದೈತ್ಯರ ಹೆಗಲ ಮೇಲೆ ನಿಂತಿದ್ದಕ್ಕೆ ಅಂತ ನ್ಯೂಟನ್ ಹೇಳಿದ್ರು ಅಂತ ಪ್ರತಿ ಕಾಲೇಜ್ ಡೇ ಭಾಷಣದಲ್ಲೂ ಬರತ್ತಲ್ಲ, ಆ ಸಾಲು ಇರೋದು 1676ರಲ್ಲಿ ಹುಕ್ಕಿಗೇ ಬರೆದ ಕಾಗದದಲ್ಲಿ! ಮರ್ಯಾದೆಗೆ ಬರೆದ್ರೋ, ಮೇಷ್ಟ್ರ ಗೂನು ಬೆನ್ನಿಗೆ ಚುಚ್ಚೋಕೆ ಬರೆದ್ರೋ ಅಂತ ಪಂಡಿತರು ಇನ್ನೂ ಕಿತ್ತಾಡ್ತಿದ್ದಾರೆ. 1998ರಲ್ಲಿ ಬ್ರಿಟನ್ನಿನವರು ಹೊಸ 2 ಪೌಂಡ್ ನಾಣ್ಯ ಬಿಟ್ಟಾಗ ಅಂಚಲ್ಲಿ ಅದೇ ಸಾಲು ಕೊರೆದ್ರು. ಕಾಗದ ಯಾರಿಗೆ ಬಂದಿದ್ದೋ ಅವರ ಹೆಸರು ನಾಣ್ಯದಲ್ಲಿಲ್ಲ, ಜೀವನಪೂರ್ತಿ ಆ ಪೌಂಡಿಗೇ ಅಲೆದವರು.

ಮುಖನೂ ಇಲ್ಲ. 1703ರ ಮಾರ್ಚಲ್ಲಿ ಮೇಷ್ಟ್ರು ಹೋದ್ರು, ಅದೇ ವರ್ಷ ನ್ಯೂಟನ್ ಸೊಸೈಟಿ ಅಧ್ಯಕ್ಷರಾದ್ರು, 1710ರಲ್ಲಿ ಸೊಸೈಟಿ ಹೊಸ ಬಿಲ್ಡಿಂಗಿಗೆ ಶಿಫ್ಟ್ ಆಯ್ತು, ಮೇಷ್ಟ್ರ ಪಟ ಕಾಣೆ. ನ್ಯೂಟನ್ನೇ ಸುಟ್ಟ್ರು ಅಂತ ಜನ ಹೇಳ್ತಾರೆ, ಸಾಕ್ಷಿ ಏನಿಲ್ಲ, ಮನೆ ಶಿಫ್ಟ್ ಮಾಡುವಾಗ ಮಿಕ್ಸಿ ಜಾರೇ ಕಳೆದೋಗತ್ತೆ, ಪಟ ಯಾವ ಲೆಕ್ಕ. 2003ರಲ್ಲಿ ಮುನ್ನೂರನೇ ಪುಣ್ಯತಿಥಿ ಟೈಮಿಗೆ ಪಟ ಸಿಕ್ತು ಅಂತ ಖುಷಿಪಟ್ಟು ಜೀವನಚರಿತ್ರೆಯ ಮೇಲೆ ಅಚ್ಚು ಹಾಕಿದ್ರು, ಆಮೇಲೆ ನೋಡಿದ್ರೆ ಅದು ವಾನ್ ಹೆಲ್ಮಾಂಟ್ ಪಟ! ಗ್ಯಾಸ್ ಅನ್ನೋ ಪದ ಕೊಟ್ಟೋರು ಅವರು, ಸಿಲಿಂಡರ್ ಬುಕ್ ಮಾಡುವಾಗ ಅವರನ್ನ ಯಾರು ನೆನೆಸ್ಕೋತಾರೆ. ಸಮಾಧಿನಾದ್ರೂ ನೋಡೋಣ ಅಂದ್ರೆ ಚರ್ಚ್ ರಿಪೇರಿ ಟೈಮಲ್ಲಿ ಮೂಳೆ ಎಲ್ಲರ ಮೂಳೆ ಜೊತೆ ಸೇರಿ ಹೋಗಿದೆ.

ಇಷ್ಟಾದ್ಮೇಲೆ 2006. ಹ್ಯಾಂಪ್‌ಶೈರಿನ ಒಂದು ಮನೆ ಬೀರುವಲ್ಲಿ 500ಕ್ಕೂ ಜಾಸ್ತಿ ಪುಟದ ಹಳೇ ಕಟ್ಟು ಸಿಕ್ತು, ಸೊಸೈಟಿ ಮೀಟಿಂಗಿನ ನಡಾವಳಿ, ಮೇಷ್ಟ್ರ ಕೈಬರಹ, ಹಳೇ ಸೆಕ್ರೆಟರಿ ಬರೆದಿದ್ದನ್ನ ನಕಲು ಮಾಡ್ಕೊಂಡು ಪಕ್ಕದಲ್ಲಿ ತಮ್ಮ ತಕರಾರು. ಹರಾಜಿಗೆ ಇಟ್ರು. ಸೊಸೈಟಿ ಓಡೋಡಿ ಚಂದಾ ಎತ್ತಿ, ಹರಾಜು ಕೂಗೋ ಮುಂಚೆ ಕೊನೇ ಗಳಿಗೆಲಿ ಸುಮಾರು 10 ಲಕ್ಷ ಪೌಂಡ್ ಕೊಟ್ಟು ತಗೊಂಡ್ತು. ತನ್ನ ಮೀಟಿಂಗಿನ ನಡಾವಳಿಯನ್ನ ತಾನೇ! ವರ್ಷಕ್ಕೆ 30 ಪೌಂಡ್ ಲೆಕ್ಕದಲ್ಲಿ ಮೇಷ್ಟ್ರಿಗೆ 33,000 ವರ್ಷದ ಸಂಬಳ ಆಯ್ತು, ಬೆಲೆ ಏರಿಕೆ ಎಲ್ಲ ಬಿಟ್ಟು ಹೇಳ್ತಿದೀನಿ, ಫೈನಾನ್ಸ್ ಗೊತ್ತಿರೋರು ಹೊಡೀಬೇಡಿ.

ಇನ್ನೊಂದು ಹೇಳೋದು ಮರ್ತೆ. ಮೇಷ್ಟ್ರು ಸತ್ತಾಗ ರೂಮಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಸಿಕ್ತು, ಒಡೆದು ನೋಡಿದ್ರೆ 8000 ಪೌಂಡಿಗೂ ಜಾಸ್ತಿ, ಸೈಟ್ ಅಳೆದ ದುಡ್ಡೆಲ್ಲ ಖರ್ಚು ಮಾಡ್ದೆ ಇಟ್ಟಿದ್ರು. ಸೊಸೈಟಿಗೆ ಸ್ವಂತ ಬಿಲ್ಡಿಂಗ್, ಲೈಬ್ರರಿ ಮಾಡೋಕೆ ಕೊಡ್ತೀನಿ ಅಂತ ಬದುಕಿದ್ದಾಗ ಹೇಳ್ಕೊಂಡು ಓಡಾಡ್ತಿದ್ರಂತೆ. ಉಯಿಲಿನ ಕರಡೂ ಸಿಕ್ತು, ಸಹಿ ಮಾತ್ರ ಇರ್ಲಿಲ್ಲ. ದುಡ್ಡೆಲ್ಲ ಓದು ಬರಹ ಬಾರದ ಸಂಬಂಧಿಯೊಬ್ಬರಿಗೆ ಹೋಯ್ತು, ಸೊಸೈಟಿಗೆ ಒಂದು ಕಾಸೂ ಇಲ್ಲ. ಅದಕ್ಕೂ ಮೇಷ್ಟ್ರು ಆರು ತಿಂಗಳು ಟೈಮ್ ತಗೊಂಡಿದ್ರೇನೋ.