ಭಾನುವಾರ ಕಂತು ಮುರಿದುಕೊಳ್ಳುವವರು ಭಾನುವಾರ ಉತ್ತರವನ್ನೂ ಕೊಡಲಿ

ನಮ್ಮ ಮುದ್ರಣಾಲಯದ ಯಂತ್ರಕ್ಕೆ ಮಾಡಿದ ಸಾಲದ ಕಂತು ಪ್ರತಿ ತಿಂಗಳ 10ನೇ ತಾರೀಖು ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಈ ಸಲ 10 ಭಾನುವಾರಕ್ಕೆ ಬಿತ್ತು. 9 ಎರಡನೆಯ ಶನಿವಾರ. ಶುಕ್ರವಾರ ಸಂಜೆ ಬ್ಯಾಂಕಿನ ವೇಳೆ ಮುಗಿದ ಮೇಲೆ ಗಿರಾಕಿಯೊಬ್ಬರು ಕೊಟ್ಟ ಚೆಕ್ಕನ್ನು ಸೋಮವಾರದವರೆಗೆ ಇಟ್ಟುಕೊಂಡು ಕೂರುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಕಂತಿಗೆ ಮಾತ್ರ ರಜೆ ಇರಲಿಲ್ಲ. ಹಣ ಸಾಲದೆ ಅದು ವಾಪಸಾಗಿದ್ದಕ್ಕೆ ಬ್ಯಾಂಕು ಒಂದು ಶುಲ್ಕ ಹಾಕಿತು, ಸಾಲ ಕೊಟ್ಟ ಸಂಸ್ಥೆ ಇನ್ನೊಂದು ಹಾಕಿತು. ವಿಚಾರಿಸಲು ಫೋನ್ ಮಾಡಿದರೆ, ಕೆಲಸದ ದಿನಗಳಲ್ಲಿ ಸಂಪರ್ಕಿಸಿ ಎಂಬ ಧ್ವನಿಮುದ್ರಿತ ಮಾತು!

ಮೊದಲು ಹೀಗಿರಲಿಲ್ಲ. ಕಂತು, ಸಂಬಳ, ಪಿಂಚಣಿಗಳನ್ನು ಖಾತೆಯಿಂದ ಖಾತೆಗೆ ಸಾಗಿಸುವ ನ್ಯಾಚ್ ವ್ಯವಸ್ಥೆ ಬ್ಯಾಂಕು ತೆರೆದಿರುವ ದಿನಗಳಲ್ಲಷ್ಟೇ ನಡೆಯುತ್ತಿದ್ದುದರಿಂದ, ರಜಾದಿನಕ್ಕೆ ಬಿದ್ದ ಕಂತು ಮುಂದಿನ ಕೆಲಸದ ದಿನ ಕಡಿತವಾಗುತ್ತಿತ್ತು. 2021ರ ಆಗಸ್ಟ್ 1ರಿಂದ ಅದು ವಾರದ ಏಳೂ ದಿನ ನಡೆಯುತ್ತಿದೆ. ರಜೆಯ ದಿನವೂ ಸಂಬಳ, ಪಿಂಚಣಿ ಕೈಸೇರುವವರಿಗೆ ಇದರಿಂದ ಒಳ್ಳೆಯದೇ ಆಗಿದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಚೆಕ್ಕಿನ ಮೇಲೆ ವ್ಯವಹಾರ ನಡೆಸುವ ನಮ್ಮಂಥವರಿಗೆ ಹಣ ಹೋಗುವ ದಾರಿ ಏಳು ದಿನವೂ ತೆರೆದಿದೆ, ಬರುವ ದಾರಿ ರಜೆ ಬಂದಾಗಲೆಲ್ಲ ಮುಚ್ಚುತ್ತದೆ. ಈ ಅಂತರದ ಹೊರೆಯನ್ನು ಸಾಲಗಾರನೊಬ್ಬನೇ ಏಕೆ ಹೊರಬೇಕು?

ಎರಡು ದಿನ ಮೊದಲೇ ಹಣ ಇಟ್ಟುಕೊಳ್ಳಬೇಕಿತ್ತು ಎಂದು ಬುದ್ಧಿ ಹೇಳುವವರಿದ್ದಾರೆ. ಕರಾರಿನಲ್ಲಿ ಬರೆದಿರುವುದು 10, 8 ಅಲ್ಲ. ಸಣ್ಣ ವ್ಯಾಪಾರದಲ್ಲಿ ಆ ಎರಡು ದಿನದ ಹಣವೆಂದರೆ ಕಾಗದದ ಅಂಗಡಿಯವರ ಬಾಕಿ, ಕೆಲಸಗಾರರ ವಾರದ ಬಟವಾಡೆ. ಅದನ್ನು ತಡೆಹಿಡಿದು ಕಂತಿಗೆ ಕಾದಿರಿಸಿ ಎಂದು ಹೇಳುವುದು ಸುಲಭ.

ಈ ಕಷ್ಟ ಕಾನೂನಿಗೆ ಗೊತ್ತಿಲ್ಲದ್ದೇನೂ ಅಲ್ಲ. ನ್ಯಾಯಾಲಯದಲ್ಲೋ ಕಚೇರಿಯಲ್ಲೋ ಮಾಡಬೇಕಾದ ಕೆಲಸದ ಕೊನೆಯ ದಿನ ಆ ಕಚೇರಿ ಮುಚ್ಚಿದ್ದರೆ, ಮತ್ತೆ ತೆರೆದ ದಿನ ಮಾಡಿದರೂ ಅದು ಸಕಾಲದಲ್ಲಿ ಆದಂತೆಯೇ ಎಂದು 1897ರ ಜನರಲ್ ಕ್ಲಾಸಸ್ ಕಾಯ್ದೆಯ 10ನೇ ಕಲಮು ಹೇಳುತ್ತದೆ. ಖಾಸಗಿ ಸಾಲದ ಕರಾರಿಗೆ ಅದು ಅನ್ವಯಿಸದಿರಬಹುದು, ಅದರ ಹಿಂದಿನ ನ್ಯಾಯ ಅನ್ವಯಿಸಬಾರದೇಕೆ? ಕ್ರೆಡಿಟ್ ಕಾರ್ಡಿನ ಬಾಕಿ ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚು ಕಳೆದ ಮೇಲಷ್ಟೇ ತಡಪಾವತಿ ಶುಲ್ಕ ಹಾಕಬೇಕೆಂದು ರಿಸರ್ವ್ ಬ್ಯಾಂಕೇ 2022ರಲ್ಲಿ ನಿರ್ದೇಶನ ಕೊಟ್ಟಿದೆ. ಕಾರ್ಡು ಉಜ್ಜಿ ಸಾಮಾನು ಕೊಂಡವರಿಗೆ ಸಿಗುವ ಈ ಸಮಯ, ಯಂತ್ರ ಕೊಂಡು ನಾಲ್ಕು ಜನರಿಗೆ ಕೆಲಸ ಕೊಟ್ಟವನಿಗೆ ಏಕಿಲ್ಲ?

ಕಂತು ಮನ್ನಾ ಮಾಡಿ ಎಂದು ನಾನು ಕೇಳುತ್ತಿಲ್ಲ. ಆ ಒಂದು ದಿನದ ಬಡ್ಡಿಯನ್ನೂ ಬೇಕಾದರೆ ಲೆಕ್ಕ ಹಾಕಿಕೊಳ್ಳಲಿ. ರಜಾದಿನ ವಾಪಸಾದ ಕಂತಿಗೆ ಶುಲ್ಕ ಹಾಕದೆ, ಬ್ಯಾಂಕು ತೆರೆದ ಮೊದಲ ದಿನದ ಸಂಜೆ ಇನ್ನೊಮ್ಮೆ ಕೇಳಲಿ; ಆಗಲೂ ಹಣ ಇಲ್ಲದಿದ್ದರೆ ದಂಡ ಹಾಕಲಿ, ಕಟ್ಟುತ್ತೇನೆ.