ವಡಗಾಂವ್‌ನಲ್ಲಿ ಇಂಗ್ಲಿಷರನ್ನು ಬಿಟ್ಟು ಕಳಿಸಿದ್ದು ತಪ್ಪೇ?

ಪರ: ತಪ್ಪೇ, ಅದರಲ್ಲಿ ಅನುಮಾನವೇನು?

ಪೇಶ್ವೆಯಾಗಲು ಹವಣಿಸುತ್ತಿದ್ದ ರಘುನಾಥರಾವನನ್ನು ಪುಣೆಯ ಗಾದಿಯಲ್ಲಿ ಕೂರಿಸುತ್ತೇವೆಂದು ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸರ್ಕಾರದ ಸುಮಾರು 4,000 ಸಿಪಾಯಿಗಳು 19,000 ಎತ್ತು ಹೊಡೆದುಕೊಂಡು ಬೋರ್ ಘಾಟ್ ಹತ್ತಿದರು. ಆಮೆ ನಡಿಗೆ. ಕಾರ್ಲಾದಲ್ಲಿ ಕ್ಯಾಪ್ಟನ್ ಸ್ಟೂವರ್ಟ್ ಸತ್ತ. 1779ರ ಜನವರಿಯಲ್ಲಿ ತಳೇಗಾಂವ್ ತಲುಪಿದರೆ ಊರೇ ಬೂದಿ, ಕಾಳಿಲ್ಲ, ಮೇವಿಲ್ಲ. ಪುಣೆ ಇನ್ನು 18 ಮೈಲಿ ಇರುವಾಗ ಧೈರ್ಯಗೆಟ್ಟು, ದೊಡ್ಡ ತೋಪುಗಳನ್ನು ಅಲ್ಲಿನ ಕೆರೆಗೆ ತಳ್ಳಿ ರಾತ್ರೋರಾತ್ರಿ ಹಿಂದಕ್ಕೆ ಓಟ. ವಡಗಾಂವ್‌ನಲ್ಲಿ ಮರಾಠ ಸರದಾರ ಮಹಾದಜಿ ಶಿಂದೆಯ ಕುದುರೆದಂಡು ನಾಲ್ಕೂ ಕಡೆ ಮುತ್ತಿತು.

ಇಷ್ಟಾಗಿ ಮರಾಠರಿಗೆ ದಕ್ಕಿದ್ದೇನು? ಒಂದು ಕಾಗದ. ಮುಂಬಯಿ ಪಕ್ಕದ ಸಾಷ್ಟಿ ದ್ವೀಪ ಬಿಡುತ್ತೇವೆ, 1773ರಿಂದ ಹಿಡಿದುಕೊಂಡದ್ದನ್ನೆಲ್ಲ ಬಿಡುತ್ತೇವೆ, ಉತ್ತರದಿಂದ ದಂಡು ತರುತ್ತಿರುವ ಕಂಪನಿಯ ಸೇನಾನಿ ಗೊಡಾರ್ಡ್‌ನನ್ನು ತಡೆಯುತ್ತೇವೆ ಎಂದೆಲ್ಲ ಬರೆದುಕೊಟ್ಟು, ಇಬ್ಬರನ್ನು ಒತ್ತೆಯಿಟ್ಟು ಸೈನ್ಯ ಮುಂಬಯಿ ಸೇರಿತು. ಸೇರಿದ ಮೇಲೆ, ಸಹಿ ಹಾಕಿದವರಿಗೆ ಅಧಿಕಾರವೇ ಇರಲಿಲ್ಲವಂತೆ! ಕಲ್ಕತ್ತದ ಗವರ್ನರ್ ಜನರಲ್ ಹೇಸ್ಟಿಂಗ್ಸ್‌ದೂ ಅದೇ ರಾಗ.

ಇಂಥ ಕಾಗದ ನಮ್ಮ ಮನೆಯ ಟ್ರಂಕಿನಲ್ಲೂ ಒಂದಿದೆ. ಪಕ್ಕದ ಹೊಲದವರು ವರ್ಷಕ್ಕೊಂದು ಸಾಲು ಬದು ಒತ್ತಿ ಉಳುತ್ತಿದ್ದರು. ತಾತ ಒಂದು ದಿನ ಅವರ ನೇಗಿಲು, ಎತ್ತು ಎರಡನ್ನೂ ಹಿಡಿದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿದರು. ಸಂಜೆಗೆ ನಾಲ್ಕು ಜನ ಹಿರಿಯರು ಸೇರಿ ಮುಚ್ಚಳಿಕೆ ಬರೆಸಿದರು, ತಾತ ಎತ್ತು ಬಿಟ್ಟುಕೊಟ್ಟರು. ಸಹಿ ಹಾಕಿದ್ದು ತಮ್ಮ, ಪಹಣಿ ಇದ್ದದ್ದು ಅಣ್ಣನ ಹೆಸರಿನಲ್ಲಿ. ಮುಂದಿನ ಮುಂಗಾರಿಗೆ ಬದು ಮತ್ತೆರಡು ಸಾಲು ಈಚೆ ಬಂತು. ‘ಎತ್ತು ಬಿಡಬಾರದಿತ್ತು ಕಣೋ’ ಎಂದು ಅಜ್ಜಿ ಕೊನೆಯವರೆಗೂ ಗೊಣಗುತ್ತಿದ್ದಳು. ಆ ಕಾಗದಕ್ಕೆ ರೆವಿನ್ಯೂ ಸ್ಟ್ಯಾಂಪು ಬೇರೆ ಅಂಟಿಸಿದ್ದಾರೆ!

ಸಾಷ್ಟಿಯ ಠಾಣೆ ಕೋಟೆಯ ಬಾಗಿಲಲ್ಲಿ ಭಗವಾಧ್ವಜ ಏರುವವರೆಗೆ ಆ ಸೈನ್ಯವನ್ನು ಅಲ್ಲೇ ಕೂರಿಸಬೇಕಿತ್ತು. ಎದುರು ಬದಿಯವರು ಮುತ್ಸದ್ದಿತನ, ದೂರದೃಷ್ಟಿ ಎಂದು ಮಂತ್ರ ಹೇಳಬಹುದು. ಅದೇ ಮಾತುಕತೆಯಲ್ಲಿ ಮಹಾದಜಿ ಭರೂಚ್‌ನ ಪಾಲನ್ನು ತನಗೆಂದು ಮಾತು ತೆಗೆದುಕೊಂಡನಲ್ಲ, ಅದೂ ದೂರದೃಷ್ಟಿಯೇ? ಕೈಗೆ ಸಿಕ್ಕ ಸೈನ್ಯವನ್ನು ಕಾಗದಕ್ಕೆ ಮಾರಿದರು.

ವಿರೋಧ: ಹಿಡಿದಿಟ್ಟು ಮಾಡುವುದೇನಿತ್ತು?

ಈ ಬದಿ ನನ್ನ ಪಾಲಿಗೆ ಬಂದದ್ದು. ಮಹಾದಜಿಯ ವಕಾಲತ್ತು ವಹಿಸುವಷ್ಟು ಅಭಿಮಾನ ನನಗಿಲ್ಲ. ಆದರೂ ಶರಣಾದವರನ್ನು ಕಡಿದು ಹಾಕಬೇಕಿತ್ತು ಎಂಬಂಥ ವೀರಾವೇಶ ನನಗೆ ಒಗ್ಗುವುದಿಲ್ಲ.

ಪುಣೆಗೆ ಬೇಕಿದ್ದದ್ದು ರಘುನಾಥರಾವ. ನಾರಾಯಣರಾವ್ ಪೇಶ್ವೆಯ ಕೊಲೆಯಾದ ಮೇಲೆ ಪುಣೆ ದರ್ಬಾರಿನ ಮಂತ್ರಿ ನಾನಾ ಫಡ್ನವೀಸ್ ಮತ್ತಿತರರು ಬಾರಾಭಾಯಿ ಕೂಟ ಕಟ್ಟಿದ್ದೇ ಅವನನ್ನು ಗಾದಿಯಿಂದ ದೂರವಿಡಲು. ವಡಗಾಂವ್‌ನಲ್ಲಿ ಅವನು ಮಹಾದಜಿಯ ಕೈಸೇರಿದ. ಮುಂದೆ ತಪ್ಪಿಸಿಕೊಂಡು ಮತ್ತೆ ಇಂಗ್ಲಿಷರ ಆಶ್ರಯಕ್ಕೆ ಓಡಿದ, ಅದು ಬೇರೆ ಮಾತು.

ಇನ್ನು ಗೊಡಾರ್ಡ್. ಅವನು ಬಂಗಾಳ ಸರ್ಕಾರದ ಆಳು. ಮುಂಬಯಿ ಸೈನ್ಯ ಬಂದಿಯಾದರೂ ನಿಲ್ಲುವವನಲ್ಲ. ಫೆಬ್ರುವರಿ ಮುಗಿಯುವಷ್ಟರಲ್ಲಿ ಸೂರತ್ ಮುಟ್ಟಿದ್ದ. ಮರುವರ್ಷ ಅಹಮದಾಬಾದ್, ವಸಾಯಿ ಅವನ ವಶ. ಕಂಪನಿಯ ಇನ್ನೊಬ್ಬ ಸೇನಾನಿ ಪಾಪ್‌ಹ್ಯಾಮ್ ಗ್ವಾಲಿಯರ್ ಕೋಟೆ ಹತ್ತಿದ. ಇದು ನನ್ನ ವಾದಕ್ಕೆ ಪುಷ್ಟಿಯೋ ಎದುರಿನವರದಕ್ಕೋ, ಓದುಗರೇ ತೀರ್ಮಾನಿಸಲಿ.

ಸೈನ್ಯವನ್ನು ಬಿಟ್ಟು ಕಾದು ಕೂತದ್ದರಿಂದ ಲಾಭವೂ ಆಯಿತು. ನಾನಾ, ನಿಜಾಮ, ಹೈದರಾಲಿ ಒಂದಾದರು. ಕೃಷ್ಣೆಯ ದಕ್ಷಿಣದ ಸೀಮೆ ಹೈದರನಿಗೇ ಇರಲಿ ಎಂದು ಪುಣೆ ಒಪ್ಪಿತು. 1780ರ ಜುಲೈನಲ್ಲಿ ಹೈದರ್ ಘಟ್ಟ ಇಳಿದ; ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನಲ್ಲಿ ಕಂಪನಿಯ ಕರ್ನಲ್ ಬೈಲಿಯ ದಂಡು ಮಣ್ಣುಪಾಲಾಯಿತು. ಮದ್ರಾಸು ಉರಿಯುತ್ತಿರುವಾಗ ಹೇಸ್ಟಿಂಗ್ಸ್‌ಗೆ ಮರಾಠರೊಡನೆ ರಾಜಿ ಬೇಕೇ ಬೇಕಾಯಿತು. 1782ರ ಮೇ 17ರ ಸಾಲ್ಬಾಯ್ ಒಪ್ಪಂದದಲ್ಲಿ ಸಾಷ್ಟಿ ಕಂಪನಿಗೇ ಉಳಿಯಿತು, ಒಪ್ಪುತ್ತೇನೆ. ಆದರೆ ವಸಾಯಿ ಮರಳಿತು, ರಘುನಾಥರಾವ ತಿಂಗಳಿಗೆ 25,000 ರೂಪಾಯಿ ಪಿಂಚಣಿಗೆ ಇಳಿದ. ಮುಂದೆ 1803ರವರೆಗೆ ಕಂಪನಿ ಮರಾಠರ ಮೇಲೆ ಯುದ್ಧ ಹೂಡಲಿಲ್ಲ. ಸಾಲ್ಬಾಯ್‌ನಲ್ಲಿ ಇಬ್ಬರ ನಡುವೆ ಕೂತು ಮಾತು ಮುಗಿಸಿದವನು ಅದೇ ಮಹಾದಜಿ.